ಬೆಂಗಳೂರು-ಸ್ಯಾನ್ ಫ್ರಾನ್ಸಿಸ್ಕೊ: ದೂರವೆಷ್ಟು, ಪಯಣದ ಹೊತ್ತೆಷ್ಟು?

ಬೆಂಗಳೂರಿನ ಕೆಂಪೇಗೌಡ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣದಿಂದ ಅಮೆರಿಕದ ಪಶ್ಚಿಮ ಕರಾವಳಿಯ ಸ್ಯಾನ್ ಫ್ರಾನ್ಸಿಸ್ಕೊ ವಿಮಾನ ನಿಲ್ದಾಣಕ್ಕೆ ಭೂಮಿಯ ಮೇಲ್ಮೈಯಲ್ಲಿ ಅಳೆದರೆ ಸಿಗುವ ಅತಿ ಕಡಿಮೆ ಅಂತರ ಸುಮಾರು 13,990 ಕಿ.ಮೀ. ಭೂಮಿಯ ಸುತ್ತಳತೆಯ ಮೂರನೆಯ ಒಂದು ಭಾಗಕ್ಕಿಂತಲೂ ಇದು ಹೆಚ್ಚು. ಎಲ್ಲಿಯೂ ಇಳಿಯದೆ ಹಾರುವ ವಿಮಾನಕ್ಕೆ ಇಲ್ಲಿಂದ ಹೋಗಲು ಸುಮಾರು 16 ಗಂಟೆ, ಅಲ್ಲಿಂದ ಬರಲು 17ರಿಂದ 18 ಗಂಟೆ ಹಿಡಿಯುತ್ತದೆ. ನಡುವೆ ಒಂದು ಕಡೆ ವಿಮಾನ ಬದಲಿಸುವುದಾದರೆ ಇದೇ ಪಯಣ 21ರಿಂದ 28 ಗಂಟೆಗಳವರೆಗೂ ಹಿಗ್ಗುತ್ತದೆ.

ಪ್ರಶ್ನೆಗೆ ಉತ್ತರ ಇಷ್ಟೇ ಆಗಿದ್ದರೆ ಒಂದು ಸಾಲು ಸಾಕಿತ್ತು. ಆದರೆ ಈ ಪ್ರಶ್ನೆಯನ್ನು ಕೇಳುವವರು ಸಾಮಾನ್ಯವಾಗಿ ಭೂಗೋಳದ ವಿದ್ಯಾರ್ಥಿಗಳಲ್ಲ. ಮಗಳ ಬಾಣಂತನಕ್ಕೆಂದು ಮೊದಲ ಬಾರಿ ವಿಮಾನ ಏರಲಿರುವ ತಾಯಿ, ರಜೆ ಎಣಿಸಿ ಟಿಕೆಟ್ ಹುಡುಕುವ ಸಾಫ್ಟ್‌ವೇರ್ ಉದ್ಯೋಗಿ, ಊರಿನಲ್ಲಿ ತಂದೆ ಆಸ್ಪತ್ರೆಯಲ್ಲಿದ್ದಾರೆಂಬ ಕರೆ ಬಂದ ಮಗ ಇದನ್ನು ಕೇಳುತ್ತಾರೆ. ಸನ್ನಿವೇಲ್, ಫ್ರಿಮಾಂಟ್, ಸ್ಯಾನ್ ಹೋಸೆ ಮುಂತಾದ ಊರುಗಳಲ್ಲಿ ನೆಲೆಸಿರುವ ಕನ್ನಡಿಗರ ಪಾಲಿಗೆ ಸ್ಯಾನ್ ಫ್ರಾನ್ಸಿಸ್ಕೊ ವಿಮಾನ ನಿಲ್ದಾಣವೇ ಊರಿನ ಹೆಬ್ಬಾಗಿಲು. ಅವರಿಗೆ ಬೇಕಾದದ್ದು ಕಿಲೋಮೀಟರುಗಳ ಲೆಕ್ಕವಲ್ಲ, ಮನೆಯಿಂದ ಮನೆಗೆ ತಗಲುವ ಹೊತ್ತು. ದೂರ ಎಂದಿಗೂ ಬದಲಾಗದು. ಹೊತ್ತು ಮಾತ್ರ ಗಾಳಿ, ಇಂಧನ, ದೇಶದೇಶಗಳ ಜಗಳ ಮತ್ತು ಕಾಗದಪತ್ರಗಳಿಗೆ ತಕ್ಕಂತೆ ಬದಲಾಗುತ್ತಲೇ ಇರುತ್ತದೆ.

ಗೋಳದ ಮೇಲೊಂದು ದಾರ

ಶಾಲೆಯ ಗೋಡೆಗೆ ತೂಗುಹಾಕಿದ ಪ್ರಪಂಚದ ಭೂಪಟವನ್ನು ನೋಡಿದವರಿಗೆ ಅಮೆರಿಕವು ಪಶ್ಚಿಮಕ್ಕಿದೆ, ಅರಬ್ಬಿ ಸಮುದ್ರ, ಯೂರೋಪ್, ಅಟ್ಲಾಂಟಿಕ್ ಸಾಗರಗಳನ್ನು ದಾಟಿ ಹೋಗಬೇಕು ಎಂದು ತೋರುವುದು ಸಹಜ. ದುಂಡನೆಯ ಗೋಳದ ಮೇಲೆ ಬೆಂಗಳೂರಿಗೂ ಸ್ಯಾನ್ ಫ್ರಾನ್ಸಿಸ್ಕೊಗೂ ಒಂದು ದಾರವನ್ನು ಬಿಗಿಯಾಗಿ ಎಳೆದು ಹಿಡಿದರೆ ಈ ಎಣಿಕೆ ತಲೆಕೆಳಗಾಗುತ್ತದೆ. ದಾರವು ಬೆಂಗಳೂರಿನಿಂದ ಪಶ್ಚಿಮಕ್ಕೆ ಹೋಗದೆ ಬಹುತೇಕ ಉತ್ತರಕ್ಕೆ, ತುಸು ಪೂರ್ವಕ್ಕೆ ವಾಲಿಕೊಂಡು ಸಾಗುತ್ತದೆ. ತೆಲಂಗಾಣ, ಮಧ್ಯ ಭಾರತ, ನೇಪಾಳ, ಟಿಬೆಟ್, ಮಂಗೋಲಿಯಾಗಳನ್ನು ಹಾಯ್ದು, ಸೈಬೀರಿಯಾದ ಉದ್ದಗಲವನ್ನು ಸವರಿ, ಆರ್ಕ್ಟಿಕ್ ಸಾಗರದ ಅಂಚನ್ನು ಮುಟ್ಟಿ, ಅಲಾಸ್ಕದ ಮೇಲಿಂದ ಇಳಿದು ಕ್ಯಾಲಿಫೋರ್ನಿಯಾ ಸೇರುತ್ತದೆ. ಎರಡು ಊರುಗಳ ನಡುವಿನ ಈ ಅತಿ ಹತ್ತಿರದ ಗೆರೆಗೆ ಮಹಾವೃತ್ತದ ದಾರಿ ಎಂದು ಹೆಸರು. 13,990 ಕಿ.ಮೀ. ಎಂಬ ಅಂಕಿ ಈ ಗೆರೆಯದು.

ಉತ್ತರ ಧ್ರುವದ ಮೇಲೆ ಹಾರುವುದೇ ಅತಿ ಹತ್ತಿರದ ದಾರಿ ಎಂಬ ಮಾತು ಪತ್ರಿಕೆಗಳಲ್ಲಿ ಆಗಾಗ ಬಂದಿದೆ. ಲೆಕ್ಕ ಹಾಗೆ ಹೇಳುವುದಿಲ್ಲ. ಮಹಾವೃತ್ತದ ಗೆರೆಯು ಸುಮಾರು 71 ಡಿಗ್ರಿ ಉತ್ತರ ಅಕ್ಷಾಂಶದವರೆಗೆ ಏರಿ ಹಿಂತಿರುಗುತ್ತದೆಯೇ ಹೊರತು ಧ್ರುವವನ್ನು ಮುಟ್ಟುವುದಿಲ್ಲ. ಧ್ರುವದ ನೆತ್ತಿಯ ಮೇಲಿಂದ ಹಾದರೆ ದೂರ ಸುಮಾರು 14,360 ಕಿ.ಮೀ. ಆಗುತ್ತದೆ. ಎಂದರೆ ಹೆಚ್ಚಾಗುವುದು 370 ಕಿ.ಮೀ. ಮಾತ್ರ, ವಿಮಾನದ ವೇಗದಲ್ಲಿ ಅರ್ಧ ಗಂಟೆಯೂ ಇಲ್ಲ. ಗಾಳಿಯ ದಿಕ್ಕು ಅನುಕೂಲವಾಗಿದ್ದರೆ ಈ ನಷ್ಟವನ್ನು ಸುಲಭವಾಗಿ ತುಂಬಿಕೊಳ್ಳಬಹುದು.

ಅತಿ ಹತ್ತಿರದ ಆ ಗೆರೆಯ ಮೇಲೆ ವಿಮಾನಗಳು ಅಕ್ಷರಶಃ ಹಾರುವುದೂ ಇಲ್ಲ. ವಿಮಾನದೊಳಗಿನ ಗಾಳಿಯ ಒತ್ತಡ ಇದ್ದಕ್ಕಿದ್ದಂತೆ ಕುಸಿದರೆ ಪೈಲಟ್‌ಗಳು ಸುಮಾರು 10,000 ಅಡಿ ಎತ್ತರಕ್ಕೆ, ಅಂದರೆ ಮೂರು ಸಾವಿರ ಮೀಟರಿಗೆ ಇಳಿಯಬೇಕಾಗುತ್ತದೆ. ಟಿಬೆಟ್ ಪ್ರಸ್ಥಭೂಮಿಯ ನೆಲವೇ ಸರಾಸರಿ ನಾಲ್ಕೂವರೆ ಸಾವಿರ ಮೀಟರ್ ಎತ್ತರದಲ್ಲಿದೆ. ಇಳಿಯಲು ಎಡೆಯಿಲ್ಲ, ಆಪತ್ತಿನಲ್ಲಿ ಬಳಸಬಹುದಾದ ವಿಮಾನ ನಿಲ್ದಾಣಗಳೂ ವಿರಳ. ಆದ್ದರಿಂದ ವಿಮಾನಗಳು ಹಿಮಾಲಯ ಮತ್ತು ಟಿಬೆಟನ್ನು ಸಾಮಾನ್ಯವಾಗಿ ಬಳಸಿಕೊಂಡು ಹೋಗುತ್ತವೆ. ಕೈಪಿಡಿಯಲ್ಲಿರುವ ದೂರಕ್ಕೂ ವಿಮಾನ ನಿಜಕ್ಕೂ ಹಾರುವ ದೂರಕ್ಕೂ ನೂರಾರು ಕಿಲೋಮೀಟರುಗಳ ವ್ಯತ್ಯಾಸ ಬರುವುದು ಹೀಗೆ.

ದೂರ ಹೆಚ್ಚು, ಹೊತ್ತು ಕಡಿಮೆ

ದೂರಕ್ಕಿಂತ ಗಾಳಿಯೇ ಮುಖ್ಯ ಎಂಬುದಕ್ಕೆ ದೆಹಲಿ-ಸ್ಯಾನ್ ಫ್ರಾನ್ಸಿಸ್ಕೊ ಮಾರ್ಗದಲ್ಲಿ ಒಂದು ಸ್ಪಷ್ಟ ನಿದರ್ಶನವಿದೆ. ಏರ್ ಇಂಡಿಯಾ 2015ರ ಡಿಸೆಂಬರ್‌ನಲ್ಲಿ ಈ ತಡೆರಹಿತ ಸೇವೆಯನ್ನು ಆರಂಭಿಸಿದಾಗ ವಿಮಾನಗಳು ಅಟ್ಲಾಂಟಿಕ್ ಕಡೆಯಿಂದ ಸಾಗುತ್ತಿದ್ದವು. ಹಾರಾಟದ ದೂರ ಸುಮಾರು 13,900 ಕಿ.ಮೀ. 2016ರ ಅಕ್ಟೋಬರ್‌ನಲ್ಲಿ ದಿಕ್ಕು ಬದಲಿಸಿ ಪೆಸಿಫಿಕ್ ಸಾಗರದ ಮೇಲಿಂದ ಹಾರಿದಾಗ ದೂರ 15,300 ಕಿ.ಮೀ.ಗೆ ಏರಿತು. ಆದರೆ ಪಯಣ ಮುಗಿದದ್ದು ಸುಮಾರು ಹದಿನಾಲ್ಕೂವರೆ ಗಂಟೆಯಲ್ಲಿ, ಹಳೆಯ ದಾರಿಗಿಂತ ಬೇಗ! 1,400 ಕಿ.ಮೀ. ಹೆಚ್ಚು ಹಾರಿಯೂ ಹೊತ್ತು ಉಳಿಯಿತು.

ಕಾರಣ, ಭೂಮಿಯ ಉತ್ತರಾರ್ಧದಲ್ಲಿ ಒಂಬತ್ತು-ಹತ್ತು ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಹೊಳೆಯಂತೆ ಹರಿಯುವ ಜೆಟ್ ಸ್ಟ್ರೀಮ್ ಎಂಬ ಗಾಳಿ. ಚಳಿಗಾಲದಲ್ಲಿ ಜಪಾನ್ ಮತ್ತು ಉತ್ತರ ಪೆಸಿಫಿಕ್ ಮೇಲೆ ಇದರ ರಭಸ ಗಂಟೆಗೆ 200 ಕಿ.ಮೀ.ಯನ್ನೂ ಮೀರುವುದುಂಟು. ಗಂಟೆಗೆ ಸುಮಾರು 900 ಕಿ.ಮೀ. ವೇಗದಲ್ಲಿ ಸಾಗುವ ವಿಮಾನದ ಬೆನ್ನಿಗೆ ಈ ಗಾಳಿ ಸಿಕ್ಕರೆ ನೆಲದ ಲೆಕ್ಕದಲ್ಲಿ ವೇಗ ಅಷ್ಟೂ ಹೆಚ್ಚುತ್ತದೆ. ಎದುರಾದರೆ ಅಷ್ಟೂ ಕಡಿಮೆಯಾಗುತ್ತದೆ. ಭೂಮಿ ಪೂರ್ವಕ್ಕೆ ತಿರುಗುವುದರಿಂದ ಪಶ್ಚಿಮಕ್ಕೆ ಹೋಗುವ ವಿಮಾನ ಬೇಗ ತಲುಪಬೇಕಲ್ಲವೇ ಎಂದು ವಾದಿಸುವವರಿದ್ದಾರೆ. ಭೂಮಿಯೊಡನೆ ಅದರ ವಾಯುಮಂಡಲವೂ ತಿರುಗುತ್ತದೆ ಎಂಬುದನ್ನು ಈ ವಾದ ಮರೆತಿದೆ.

ಬೆಂಗಳೂರಿನಿಂದ ಹೋಗುವಾಗ ಪೂರ್ವಾಭಿಮುಖವಾಗಿ, ಪೆಸಿಫಿಕ್ ಗಾಳಿಯನ್ನು ಬೆನ್ನಿಗಿಟ್ಟುಕೊಂಡು ಹಾರಿದರೆ 16 ಗಂಟೆ ಸಾಕಾಗುತ್ತದೆ. ಬರುವಾಗ ಅದೇ ದಾರಿಯಲ್ಲಿ ಬಂದರೆ ಅದೇ ಗಾಳಿ ಎದೆಗೆ ಹೊಡೆಯುತ್ತದೆ. ಆದ್ದರಿಂದ ಮರಳುವ ವಿಮಾನಕ್ಕೆ ಉತ್ತರದ ದಾರಿ ಮೇಲೆನಿಸುತ್ತದೆ. ಹೋಗುವುದಕ್ಕೂ ಬರುವುದಕ್ಕೂ ಒಂದೂವರೆ ಗಂಟೆಯ ವ್ಯತ್ಯಾಸ ಇರುವುದು ಇದರಿಂದಲೇ. ದಿನದಿನದ ಹವಾಮಾನವನ್ನು ನೋಡಿ ದಾರಿಯನ್ನು ಗೊತ್ತುಪಡಿಸುವುದರಿಂದ ಒಂದೇ ವಾರದ ಎರಡು ವಿಮಾನಗಳು ಒಂದೇ ಗೆರೆಯ ಮೇಲೆ ಹಾರಬೇಕೆಂದಿಲ್ಲ.

2021ರ ಧ್ರುವಯಾನ

ಎರಡು ನಗರಗಳ ನಡುವಿನ ಮೊದಲ ತಡೆರಹಿತ ವಾಣಿಜ್ಯ ವಿಮಾನ 2021ರ ಜನವರಿ 9ರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೊ ಬಿಟ್ಟು ಜನವರಿ 11ರ ನಸುಕಿನಲ್ಲಿ ಬೆಂಗಳೂರಿನಲ್ಲಿ ಇಳಿಯಿತು. ಏರ್ ಇಂಡಿಯಾದ ಬೋಯಿಂಗ್ 777-200ಎಲ್‌ಆರ್ ವಿಮಾನವದು. ಕಾಕ್‌ಪಿಟ್‌ನಲ್ಲಿದ್ದ ನಾಲ್ವರೂ ಮಹಿಳೆಯರು: ಕ್ಯಾಪ್ಟನ್ ಜೋಯಾ ಅಗರ್ವಾಲ್, ಕ್ಯಾಪ್ಟನ್ ಪಾಪಗಾರಿ ತನ್ಮಯಿ, ಕ್ಯಾಪ್ಟನ್ ಆಕಾಂಕ್ಷಾ ಸೋನಾವಣೆ ಮತ್ತು ಕ್ಯಾಪ್ಟನ್ ಶಿವಾನಿ ಮನ್ಹಾಸ್. ಉತ್ತರ ಧ್ರುವದ ಮೇಲಿಂದ ಹಾದ ಈ ಯಾನದ ದೂರವನ್ನು ಅಂದಿನ ವರದಿಗಳು ಸುಮಾರು 16,000 ಕಿ.ಮೀ. ಎಂದವು. ಅದೇ ವರದಿಗಳಲ್ಲಿ ನಗರಗಳ ನಡುವಿನ ನೇರ ಅಂತರ 13,993 ಕಿ.ಮೀ. ಎಂದೂ ಇತ್ತು. ಓದುಗರು ಗೊಂದಲಕ್ಕೀಡಾದದ್ದು ಸಹಜವೇ. ಮೊದಲನೆಯದು ಹಾರಿದ ದೂರ, ಎರಡನೆಯದು ಇರುವ ದೂರ.

ಧ್ರುವ ಪ್ರದೇಶದ ಹಾರಾಟಕ್ಕೆ ಅದರದೇ ಆದ ಕಟ್ಟುಪಾಡುಗಳಿವೆ. ಹೊರಗಿನ ಚಳಿಗೆ ರೆಕ್ಕೆಯೊಳಗಿನ ಇಂಧನ ಹೆಪ್ಪುಗಟ್ಟದಂತೆ ಅದರ ಉಷ್ಣಾಂಶವನ್ನು ಸದಾ ಗಮನಿಸುತ್ತಿರಬೇಕು. ಭಾರತದಲ್ಲಿಯೂ ಬಳಕೆಯಲ್ಲಿರುವ ಜೆಟ್ ಎ-1 ಇಂಧನಕ್ಕೆ ಈ ಮಿತಿ ಮೈನಸ್ 47 ಡಿಗ್ರಿ ಸೆಲ್ಸಿಯಸ್. ಅಮೆರಿಕದಲ್ಲಿ ಸಾಮಾನ್ಯವಾಗಿ ತುಂಬುವ ಜೆಟ್ ಎ ಇಂಧನಕ್ಕೆ ಮೈನಸ್ 40. ಆಪತ್ತಿಗೆ ಇಳಿಯಬಹುದಾದ ನಿಲ್ದಾಣಗಳನ್ನು ಮೊದಲೇ ಗೊತ್ತುಮಾಡಿಕೊಂಡಿರಬೇಕು. ಹಿಮದಲ್ಲಿ ಇಳಿಯಬೇಕಾಗಿ ಬಂದರೆ ಸಿಬ್ಬಂದಿ ತೊಡಲು ದಪ್ಪನೆಯ ಚಳಿಯುಡುಪುಗಳೂ ವಿಮಾನದಲ್ಲಿರುತ್ತವೆ.

ಇಷ್ಟು ದೂರದ ಪಯಣದ ನಿಜವಾದ ಹೊರೆ ಇಂಧನದ್ದು. ಬೋಯಿಂಗ್ 777-200ಎಲ್‌ಆರ್ ವಿಮಾನದ ತೊಟ್ಟಿಗಳಲ್ಲಿ 1.8 ಲಕ್ಷ ಲೀಟರಿಗೂ ಹೆಚ್ಚು ಇಂಧನ ಹಿಡಿಯುತ್ತದೆ. ನೆಲ ಬಿಡುವಾಗಿನ ಗರಿಷ್ಠ ತೂಕ ಸುಮಾರು 347 ಟನ್. ಕೊನೆಯ ಗಂಟೆಗೆ ಬೇಕಾದ ಇಂಧನವನ್ನು ಹದಿನೈದು ಗಂಟೆ ಹೊತ್ತು ಸಾಗಿಸಲೆಂದೇ ಇನ್ನಷ್ಟು ಇಂಧನ ಉರಿಯುತ್ತದೆ. ಬೆಂಗಳೂರಿಗೆ ಇದರ ಜೊತೆಗೆ ಇನ್ನೊಂದು ತೊಡಕಿದೆ. ದೇವನಹಳ್ಳಿಯ ನಿಲ್ದಾಣ ಸಮುದ್ರಮಟ್ಟಕ್ಕಿಂತ 900 ಮೀಟರಿಗೂ ಎತ್ತರದಲ್ಲಿರುವುದರಿಂದ ಇಲ್ಲಿನ ಗಾಳಿ ತೆಳು. ತುಂಬಿದ ವಿಮಾನ ಮೇಲೇಳಲು ಹೆಚ್ಚು ಓಡಬೇಕು. ಇಲ್ಲಿನ ಎರಡೂ ರನ್‌ವೇಗಳು ತಲಾ ನಾಲ್ಕು ಕಿ.ಮೀ. ಉದ್ದವಿರುವುದು ಇಲ್ಲಿ ನೆರವಿಗೆ ಬರುತ್ತದೆ. ಸ್ಯಾನ್ ಫ್ರಾನ್ಸಿಸ್ಕೊ ನಿಲ್ದಾಣವಾದರೋ ಕೊಲ್ಲಿಯ ನೀರಿಗೆ ಅಂಟಿಕೊಂಡೇ ಇದೆ.

2021ರಲ್ಲಿ ಆರಂಭವಾದ ಈ ಸೇವೆ ಒಂದೇ ಸಮನೆ ನಡೆದದ್ದಲ್ಲ. ನಡುವೆ ನಿಂತು 2022ರ ಡಿಸೆಂಬರ್‌ನಲ್ಲಿ ಮತ್ತೆ ಆರಂಭವಾಯಿತು, ಅದೂ ವಾರಕ್ಕೆ ಮೂರು ದಿನ ಮಾತ್ರ. ಅಮೆರಿಕದ ಯುನೈಟೆಡ್ ಏರ್‌ಲೈನ್ಸ್ 2020ರಲ್ಲಿ ಇದೇ ಮಾರ್ಗವನ್ನು ಘೋಷಿಸಿತ್ತಾದರೂ ಆ ಯೋಜನೆ ಹಾರಲಿಲ್ಲ. ತಡೆರಹಿತ ವಿಮಾನ ಉಂಟೇ, ಯಾವ ದಿನಗಳಲ್ಲಿ ಉಂಟು ಎಂಬುದನ್ನು ಪ್ರಯಾಣದ ತಿಂಗಳಿನ ವೇಳಾಪಟ್ಟಿಯಲ್ಲಿಯೇ ನೋಡಿ ಖಚಿತಪಡಿಸಿಕೊಳ್ಳುವುದು ಲೇಸು.

ನಡುವೆ ಇಳಿಯುವುದಾದರೆ

ಹೆಚ್ಚಿನ ಪ್ರಯಾಣಿಕರು ಒಂದು ಕಡೆ ವಿಮಾನ ಬದಲಿಸಿಯೇ ಹೋಗುತ್ತಾರೆ. ದೂರದ ದೃಷ್ಟಿಯಿಂದ ಎಲ್ಲಕ್ಕಿಂತ ಕಡಿಮೆ ಸುತ್ತು ದೆಹಲಿಯದು. ಬೆಂಗಳೂರು-ದೆಹಲಿ-ಸ್ಯಾನ್ ಫ್ರಾನ್ಸಿಸ್ಕೊ ಕೂಡಿದರೆ ಸುಮಾರು 14,090 ಕಿ.ಮೀ., ನೇರ ದಾರಿಗಿಂತ ಕೇವಲ ನೂರು ಕಿ.ಮೀ. ಹೆಚ್ಚು. ಟೋಕಿಯೊದ ನರಿಟಾ ಮೂಲಕ 14,900, ದುಬೈ ಮೂಲಕ 15,700, ಫ್ರಾಂಕ್‌ಫರ್ಟ್ ಮೂಲಕ 16,550, ಸಿಂಗಪುರದ ಮೂಲಕ ಸುಮಾರು 16,760 ಕಿ.ಮೀ. ಆಗುತ್ತದೆ. ಅತಿ ಹೆಚ್ಚು ಮತ್ತು ಅತಿ ಕಡಿಮೆಯ ನಡುವಿನ ಅಂತರ ಮೂರು ಗಂಟೆಯ ಹಾರಾಟದಷ್ಟು.

ಆದರೆ ಟಿಕೆಟ್‌ನಲ್ಲಿ ಕಾಣುವ ಒಟ್ಟು ಹೊತ್ತನ್ನು ನಿರ್ಧರಿಸುವುದು ಈ ದೂರವಲ್ಲ. ನಡುವಿನ ನಿಲ್ದಾಣದಲ್ಲಿ ಕಾಯುವ ಗಂಟೆಗಳು. ಫ್ರಾಂಕ್‌ಫರ್ಟ್‌ನಲ್ಲಿ ಎರಡು ಗಂಟೆಗೆ ಮುಂದಿನ ವಿಮಾನ ಸಿಕ್ಕಿದರೆ 24 ಗಂಟೆಯೊಳಗೆ ತಲುಪಬಹುದು. ಹತ್ತಿರದ ದಾರಿಯೆಂದು ಆರಿಸಿಕೊಂಡ ಊರಿನಲ್ಲಿ ಎಂಟು ಗಂಟೆ ಬೆಂಚಿನ ಮೇಲೆ ಕಳೆಯಬೇಕಾದರೆ ಉಳಿತಾಯವೆಲ್ಲ ನೀರುಪಾಲು. ಎರಡು ಗಂಟೆಗಿಂತ ಕಡಿಮೆ ಬಿಡುವೂ ಅಪಾಯವೇ. ಮೊದಲ ವಿಮಾನ ತಡವಾದರೆ ಎರಡನೆಯದು ಕೈತಪ್ಪುತ್ತದೆ. ಇಂಗ್ಲಿಷ್ ಅಷ್ಟಾಗಿ ಬಾರದ ಹಿರಿಯರು ಒಬ್ಬರೇ ಹೋಗುವುದಾದರೆ ಟಿಕೆಟ್ ಕೊಳ್ಳುವಾಗಲೇ ವ್ಹೀಲ್‌ಚೇರ್ ನೆರವನ್ನು ಕೋರುವ ರೂಢಿ ನಮ್ಮಲ್ಲಿ ಬೆಳೆದಿರುವುದು ನಡೆಯಲು ಆಗದೆಂದಲ್ಲ, ದಾರಿ ತೋರುವವರು ಸಿಗುತ್ತಾರೆಂದು.

ಅಮೆರಿಕದಲ್ಲಿ ಮೊದಲು ಇಳಿಯುವ ಊರಿನಲ್ಲಿಯೇ ಸಾಮಾನ್ಯವಾಗಿ ಇಮಿಗ್ರೇಷನ್ ಮತ್ತು ಕಸ್ಟಮ್ಸ್ ಮುಗಿಯಬೇಕು. ನ್ಯೂಯಾರ್ಕ್ ಅಥವಾ ಷಿಕಾಗೊ ಮೂಲಕ ಹೋಗುವವರು ಅಲ್ಲಿ ಪೆಟ್ಟಿಗೆಗಳನ್ನು ತೆಗೆದುಕೊಂಡು ಮತ್ತೆ ಒಪ್ಪಿಸಬೇಕಾಗುತ್ತದೆ. ಅದಕ್ಕೆ ಮೂರು ಗಂಟೆ ಬಿಡುವಿದ್ದರೆ ನೆಮ್ಮದಿ. ಉಪ್ಪಿನಕಾಯಿ ಜಾಡಿ, ಚಟ್ನಿಪುಡಿಗಳ ಬಗ್ಗೆ ಪ್ರಶ್ನೆ ಬರುವುದೂ ಇಲ್ಲಿಯೇ. ಆಹಾರ ಪದಾರ್ಥ ಇದೆಯೆಂದು ಮೊದಲೇ ಹೇಳಿಬಿಡುವುದು ಉತ್ತಮ.

ಕಳೆದುಹೋಗುವ ಭಾನುವಾರ

ಕ್ಯಾಲಿಫೋರ್ನಿಯಾದ ಗಡಿಯಾರ ಭಾರತದ ಗಡಿಯಾರಕ್ಕಿಂತ ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ, ಬೇಸಿಗೆಯಲ್ಲಿ ಹನ್ನೆರಡೂವರೆ ಗಂಟೆ ಹಿಂದಿರುತ್ತದೆ. ಮಾರ್ಚ್‌ನ ಎರಡನೆಯ ಭಾನುವಾರದಿಂದ ನವೆಂಬರ್‌ನ ಮೊದಲ ಭಾನುವಾರದವರೆಗೆ ಅಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಿ ಇಡುತ್ತಾರೆ. ಟಿಕೆಟ್‌ನಲ್ಲಿ ಅಚ್ಚಾಗುವ ವೇಳೆಗಳೆಲ್ಲ ಆಯಾ ಊರಿನವು. ಆದ್ದರಿಂದ ಹೊರಡುವ ಮತ್ತು ತಲುಪುವ ವೇಳೆಗಳನ್ನು ಸುಮ್ಮನೆ ಕಳೆದರೆ ತಪ್ಪು ಲೆಕ್ಕ ಬರುತ್ತದೆ. ಜನವರಿಯಲ್ಲಿ ಮಧ್ಯಾಹ್ನ 2.30ಕ್ಕೆ ಬೆಂಗಳೂರು ಬಿಟ್ಟು 16 ಗಂಟೆ ಹಾರಿದವರು ಅದೇ ತಾರೀಖಿನ ಸಂಜೆ 5ಕ್ಕೆ ಸ್ಯಾನ್ ಫ್ರಾನ್ಸಿಸ್ಕೊದಲ್ಲಿರುತ್ತಾರೆ. ಪಂಚಾಂಗ ನಂಬುವುದಾದರೆ ಪಯಣ ಎರಡೂವರೆ ಗಂಟೆಯದು!

ಬರುವಾಗ ಈ ಸಾಲ ತೀರುತ್ತದೆ. 2021ರ ಆ ಮೊದಲ ವಿಮಾನ ಶನಿವಾರ ರಾತ್ರಿ ಹೊರಟು ಸೋಮವಾರ ಬೆಳಗಿನ ಜಾವ ತಲುಪಿತು. ನಡುವಿನ ಭಾನುವಾರ ಆಕಾಶದಲ್ಲಿಯೇ ಮುಗಿದುಹೋಯಿತು. ಸೋಮವಾರದ ಮದುವೆಗೆ ಶನಿವಾರ ರಾತ್ರಿ ಹೊರಟರೆ ಸಾಕೆಂದುಕೊಳ್ಳುವವರು ಇದನ್ನು ನೆನಪಿಡಬೇಕು. ಹಗಲಿರುಳುಗಳೇ ಅದಲುಬದಲಾಗುವುದರಿಂದ ದೇಹದ ಗಡಿಯಾರ ಸರಿಹೊಂದಲು ಒಂದು ವಾರವಾದರೂ ಬೇಕು. ದೀರ್ಘಕಾಲ ಕುಳಿತೇ ಇರುವುದರಿಂದ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವೂ ಉಂಟು. ನಾಲ್ಕು ಗಂಟೆಗೂ ಮೀರಿದ ಪಯಣದ ನಂತರ ಈ ಅಪಾಯ ಸುಮಾರು ಎರಡು ಪಟ್ಟಾಗುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಧ್ಯಯನ 2007ರಲ್ಲಿ ತಿಳಿಸಿತು. ಆಗಲೂ ಅದು ಸುಮಾರು ಆರು ಸಾವಿರ ಮಂದಿಯಲ್ಲಿ ಒಬ್ಬರಿಗೆ ಬರಬಹುದಾದಷ್ಟೇ. ಗಂಟೆಗೊಮ್ಮೆ ಎದ್ದು ಓಡಾಡುವುದು, ಕುಳಿತಲ್ಲಿಯೇ ಪಾದಗಳನ್ನು ಆಡಿಸುವುದು, ನೀರು ಕುಡಿಯುವುದು ಇಷ್ಟು ಮಾಡಿದರೆ ಬಹುಪಾಲು ಸಾಕು. ಹಿಂದೆ ಹೀಗಾಗಿದ್ದವರು ಮತ್ತು ಇತ್ತೀಚೆಗೆ ಶಸ್ತ್ರಚಿಕಿತ್ಸೆಗೆ ಒಳಗಾದವರು ವೈದ್ಯರನ್ನು ಕೇಳಿಯೇ ಹೊರಡಬೇಕು.

ಆಕಾಶಕ್ಕೂ ಬೇಲಿ

ಪಯಣದ ಹೊತ್ತನ್ನು ಹಿಗ್ಗಿಸುವ ಮತ್ತೊಂದು ಸಂಗತಿ ರಾಜಕೀಯ. 2022ರ ಫೆಬ್ರವರಿಯಲ್ಲಿ ರಷ್ಯಾ ಉಕ್ರೇನ್ ಮೇಲೆ ದಾಳಿ ಮಾಡಿದ ನಂತರ ಅಮೆರಿಕದ ವಿಮಾನಗಳಿಗೆ ರಷ್ಯಾದ ಆಕಾಶ ಮುಚ್ಚಿತು. ಭಾರತದ ವಿಮಾನಗಳಿಗೆ ಮುಚ್ಚಲಿಲ್ಲ. ಈ ಅನುಕೂಲಕ್ಕೂ ಒಂದು ಬೆಲೆಯಿತ್ತು. 2023ರ ಜೂನ್ 6ರಂದು ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಹೊರಟಿದ್ದ ಏರ್ ಇಂಡಿಯಾ ವಿಮಾನ ಎಂಜಿನ್ ತೊಂದರೆಯಿಂದ ರಷ್ಯಾದ ಪೂರ್ವ ಕೊನೆಯ ಮಗದಾನ್ ಎಂಬ ಊರಿನಲ್ಲಿ ಇಳಿಯಬೇಕಾಯಿತು. 216 ಪ್ರಯಾಣಿಕರು ಮತ್ತು 16 ಸಿಬ್ಬಂದಿ ಬದಲಿ ವಿಮಾನಕ್ಕಾಗಿ ಕಾದು ಜೂನ್ 8ರಂದು ಅಲ್ಲಿಂದ ಹೊರಟರು. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನವು ಭಾರತದ ವಿಮಾನಗಳಿಗೆ ತನ್ನ ಆಕಾಶವನ್ನು ಮುಚ್ಚಿದಾಗ ದೆಹಲಿಯಿಂದ ಪಶ್ಚಿಮಕ್ಕೆ ಹೋಗುವ ಪಯಣಗಳು ಉದ್ದವಾದವು.

ಕಾಗದಪತ್ರಗಳ ಬೇಲಿ ಇದಕ್ಕಿಂತ ಎತ್ತರದ್ದು. 2025ರ ಸೆಪ್ಟೆಂಬರ್ 19ರಂದು ಅಮೆರಿಕದ ಅಧ್ಯಕ್ಷರು ಎಚ್‌1ಬಿ ವೀಸಾಕ್ಕೆ ಒಂದು ಲಕ್ಷ ಡಾಲರ್ ಶುಲ್ಕ ವಿಧಿಸುವ ಆದೇಶಕ್ಕೆ ಸಹಿ ಹಾಕಿದರು. ಸೆಪ್ಟೆಂಬರ್ 21ಕ್ಕೆ ಅದು ಜಾರಿಗೆ ಬರುವುದಿತ್ತು. ಊರಿಗೆ ಬಂದಿದ್ದ ಉದ್ಯೋಗಿಗಳಿಗೆ ಕೂಡಲೇ ಮರಳುವಂತೆ ಹಲವು ಕಂಪನಿಗಳು ಸೂಚಿಸಿದವು. ಭಾರತದಲ್ಲಿದ್ದವರಿಗೆ ಉಳಿದಿದ್ದ ಸಮಯ ಒಂದೂವರೆ ದಿನಕ್ಕೂ ಕಡಿಮೆ. ಒಂದು ಕಡೆ ಇಳಿದು ಹೋಗುವ ಟಿಕೆಟ್ ಆ ಕ್ಷಣ ಕೈಗೆ ಸಿಕ್ಕರೂ ಅಂಚಿನಲ್ಲಿ ತಲುಪಬಹುದಾದ ದೂರವದು. ಹೊಸ ಅರ್ಜಿಗಳಿಗೆ ಮಾತ್ರ ಶುಲ್ಕ ಅನ್ವಯಿಸುತ್ತದೆಂಬ ಸ್ಪಷ್ಟನೆ ಬರುವಷ್ಟರಲ್ಲಿ ಅನೇಕರು ಟಿಕೆಟ್ ಕೊಂಡಾಗಿತ್ತು.

ಸಾವಿನ ಸುದ್ದಿ ಬಂದಾಗ ಈ ಬೇಲಿ ಇನ್ನಷ್ಟು ಕಾಣುತ್ತದೆ. ಅಮೆರಿಕದ ಪೌರತ್ವ ಪಡೆದವರ ಬಳಿ ಒಸಿಐ ಕಾರ್ಡ್ ಇದ್ದರೆ ಕೂಡಲೇ ಹೊರಡಬಹುದು, ಇಲ್ಲದಿದ್ದರೆ ಭಾರತದ ವೀಸಾ ಬೇಕು. ಭಾರತದ ಪಾಸ್‌ಪೋರ್ಟ್ ಇರುವವರಿಗೆ ಬರುವುದು ಸುಲಭ. ಪಾಸ್‌ಪೋರ್ಟ್‌ನಲ್ಲಿರುವ ವೀಸಾ ಮುದ್ರೆಯ ಅವಧಿ ಮುಗಿದಿದ್ದರೆ ಮರಳುವುದು ಕಷ್ಟ. ಬೆಂಗಳೂರಿನಲ್ಲಿ ಅಮೆರಿಕದ ಕಾನ್ಸುಲೇಟ್ 2025ರ ಜನವರಿಯಲ್ಲಿ ಉದ್ಘಾಟನೆಯಾಯಿತಾದರೂ ಆಗ ವೀಸಾ ಸೇವೆ ಆರಂಭವಾಗಿರಲಿಲ್ಲ. ಕಾರ್ಡು, ಮುದ್ರೆಗಳ ಅವಧಿಯನ್ನು ಆಪತ್ತು ಬರುವ ಮೊದಲೇ ನೋಡಿಕೊಂಡಿರುವವರಿಗೆ ಈ ದೂರ ಒಂದೆರಡು ದಿನವಾದರೂ ಕಡಿಮೆ.

ಎಲ್ಲ ಸರಿಯಿದ್ದು, ಅದೇ ದಿನ ತಡೆರಹಿತ ವಿಮಾನವೂ ಸಿಕ್ಕಿತೆಂದು ಇಟ್ಟುಕೊಂಡರೆ ಲೆಕ್ಕ ಹೀಗಾಗುತ್ತದೆ. ಜನವರಿಯ ಒಂದು ಶನಿವಾರ, ರಾತ್ರಿ 8.30ರ ವಿಮಾನಕ್ಕೆ ಫ್ರಿಮಾಂಟ್‌ನ ಮನೆಯಿಂದ ಸಂಜೆ 4.30ಕ್ಕೆ ಹೊರಡಬೇಕು, ಆಗ ಕರ್ನಾಟಕದಲ್ಲಿ ಭಾನುವಾರ ಬೆಳಗಿನ 6 ಗಂಟೆ. ಬೆಂಗಳೂರಿನಲ್ಲಿ ಇಳಿಯುವುದು ಸೋಮವಾರ ನಸುಕಿನ 3.45ಕ್ಕೆ. ಇಮಿಗ್ರೇಷನ್, ಪೆಟ್ಟಿಗೆ ಎಂದು ಒಂದು ಗಂಟೆ. ದೇವನಹಳ್ಳಿಯಿಂದ ಹಾಸನಕ್ಕೆ ಕಾರಿನಲ್ಲಿ ನಾಲ್ಕು ಗಂಟೆಗೂ ಹೆಚ್ಚು. ಮನೆಯ ಅಂಗಳ ತಲುಪುವಾಗ ಬೆಳಗಿನ 9 ದಾಟಿರುತ್ತದೆ. ಬಾಗಿಲಿನಿಂದ ಬಾಗಿಲಿಗೆ 27 ಗಂಟೆ. ಅಂದು ನೇರ ವಿಮಾನವಿಲ್ಲದೆ ಒಂದು ಕಡೆ ಬದಲಿಸಿ ಬರುವುದಾದರೆ 32ರಿಂದ 36 ಗಂಟೆ. ಅಂತ್ಯಕ್ರಿಯೆಯನ್ನು ಯಾವ ಹೊತ್ತಿಗೆ ಇಟ್ಟುಕೊಳ್ಳಬೇಕೆಂದು ಊರಿನ ಹಿರಿಯರು ಫೋನಿನಲ್ಲಿ ಕೇಳಿದಾಗ ಹೇಳಬೇಕಾದ ಅಂಕಿ ಇದು, ಹದಿನೇಳಲ್ಲ.